ಪೈಥಾನ್: ಡೆಲ್ ಕೊಟ್ರೂ ಮೆಮೊರಿ ಇಳಿಯವಲ್ದು, ಸಂಜಿಗೆ ಕಾಟಾದ ಕಂಪ್ಯೂಟರ್ ನಿಂತು ಬಿಡ್ತೈತಿ

ಗಂಗಾವತಿ_ಕಾಟಾ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮಾವಾರದು ಗಂಗಾವತಿ ಹತ್ರ ರೈಸ್ ಮಿಲ್ ಐತಿ, ಅಲ್ಲಿ ತೂಕದ ಕಾಟಾಕ್ಕ ನಾನ ಪೈಥಾನ್‌ನ್ಯಾಗ ಒಂದು ಪ್ರೋಗ್ರಾಂ ಬರದು ಕೊಟ್ಟೀನಿ. ನೆಲ್ಲಿನ ಗಾಡಿ ಕಾಟಾ ಮ್ಯಾಲ ನಿಂತ ಕೂಡ್ಲೇ ಕ್ಯಾಮೆರಾ ಫೋಟೋ ತಗೀತೈತಿ, ಟಿಕಿಂಟರ್ (ಪೈಥಾನ್‌ನ್ಯಾಗ ವಿಂಡೋ ಮಾಡೋ ಲೈಬ್ರರಿ) ವಿಂಡೋದಾಗ ತೂಕದ ಜೊತಿ ತೋರಿಸ್ತೈತಿ. ಮುಂಜಾನೆ 90 ಎಂಬಿ ಇದ್ದದ್ದು ಸಂಜಿ ಆಗೂದ್ರಾಗ 1.9 ಜಿಬಿ ಆಗ್ತೈತಿ, ಹಳೇ ಮಷಿನ್ ಬ್ಯಾರೆ, ನಿನ್ನೆ ಹ್ಯಾಂಗ್ ಆಗಿ ಹೊರಗ ಲಾರಿ ಸಾಲು ಹಚ್ಚಿ ನಿಂತಿದ್ವು, ಡ್ರೈವರ್‌ಗೋಳು ಹಾರ್ನ್ ಹೊಡಿಯಾಕತ್ತಿದ್ರು, ನನಗ ಕೈಕಾಲ ಆಡಲಿಲ್ಲ. ಪ್ರತಿ ಗಾಡಿ ಹೋದ ಮ್ಯಾಲ ಅಳಿಸು ಅಂತ ಡೆಲ್ ಫೋಟೋ ಕೊಡ್ತೀನಿ, ಗಾರ್ಬೇಜ್ ಕಲೆಕ್ಟರ್ (ಬೇಡಾದ ಮೆಮೊರಿ ತಾನಾಗೇ ಬಿಡಿಸೋದು) ಓಡಿಸಾಕ ಜಿಸಿ ಡಾಟ್ ಕಲೆಕ್ಟ್ ಸುದ್ದಾ ಕರೀತೀನಿ. ಆ ಕಲೆಕ್ಟರ್ ಕೆಲಸಾನ ಮಾಡವಲ್ದೇನ್ರಿ?

ಸಿಂಧನೂರ್_ಡೆವ್:
ತಮ್ಮಾ, ಆ ಫೋಟೋ ಬ್ಯಾರೆ ಎಲ್ಲೆರ ಇಟ್ಟೀಯೇನು? ಲಿಸ್ಟ್, ಡಿಕ್ಷನರಿ, ಬಟನ್‌ನ ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್) ಎಲ್ಲಾ ನೋಡು.

ಗಂಗಾವತಿ_ಕಾಟಾ:
ಹೌದ್ರಿ ಅಣ್ಣಾರ, ಮ್ಯಾಲ ಗ್ಲೋಬಲ್ ಲಿಸ್ಟ್ ಒಂದೈತಿ, ಪ್ರತಿ ಫೋಟೋ ಅದಕ್ಕ ಅಪೆಂಡ್ ಮಾಡ್ತೀನಿ, ಅಂದ್ರ ಸೇರಿಸ್ತೀನಿ. ಮೊದಲಿಗೆ ಫೋಟೋ ಒಂದು ಗಳಿಗಿ ಕಂಡು ಖಾಲಿ ಆಗತಿತ್ತು, ಲಿಸ್ಟಿಗೆ ಹಾಕು ಅಂತ ಒಬ್ರು ಹೇಳಿದ್ರು, ಹಾಕಿದೆ, ಸರಿ ಆತು.

ಸಿಂಧನೂರ್_ಡೆವ್:
ಅಲ್ಲೇ ಅದ ನೋಡು. ಗೋದಾಮಿನಾಗ ಚೀಲ ಇಟ್ಟು ರಸೀದಿ ತಗೋತೀವಲ್ಲ, ರಸೀದಿ ಯಾರ ಕೈಯಾಗರ ಒಂದು ಉಳಿದ್ರೂ ಹಮಾಲರು ಚೀಲ ಮುಟ್ಟಂಗಿಲ್ಲ. ಡೆಲ್ ಅಂದ್ರ ನಿನ್ನ ಕೈಯಾಗಿನ ರಸೀದಿ ಹರಿಯೋದು ಅಷ್ಟ, ಚೀಲ ಹೊರಗ ಹಾಕೋದಲ್ಲ. ಲಿಸ್ಟಿನ ಕೈಯಾಗ ಇನ್ನೊಂದು ರಸೀದಿ ಹಂಗೇ ಅದ. ಡಿಸ್ಕಿನಾಗ ಜೆಪೆಗ್ 300 ಕೆಬಿ ಇದ್ರೂ ಬಿಚ್ಚಿದ ಮ್ಯಾಲ 1920 ಇಂಟು 1080, ಪಿಕ್ಸೆಲ್‌ಗೆ 4 ಬೈಟ್, ಅಂದ್ರ 82,94,400 ಬೈಟ್, ಒಂದೊಂದು ಫೋಟೋಕ್ಕ 8 ಎಂಬಿ ಮ್ಯಾಲೆ. ದಿನಕ್ಕ ಎಷ್ಟು ಗಾಡಿ?

ಗಂಗಾವತಿ_ಕಾಟಾ:
110 ರಿ, ತುಂಬಿದ್ದೊಮ್ಮೆ ಖಾಲಿದೊಮ್ಮೆ ತೂಕ, 220 ಫೋಟೋ. ಅಯ್ಯೋ, ಅಲ್ಲಿಗೆ 1.8 ಜಿಬಿ ಆತಲ್ರಿ!

ಬಳ್ಳಾರಿ_ಜಾವಾ:
ಕಲೆಕ್ಟರ್‌ನ ಬೈಬೇಡಿ ಸರ್, ಅದು ಸರಿಯಾಗೇ ಕೆಲಸ ಮಾಡ್ತೈತೆ. ಸಿ-ಪೈಥಾನ್‌ನಲ್ಲಿ (ನಾವು ಸಾಮಾನ್ಯವಾಗಿ ಹಾಕೋ ಪೈಥಾನ್) ಪ್ರತಿ ಆಬ್ಜೆಕ್ಟಿಗೂ ಎಷ್ಟು ಜನ ಹಿಡ್ಕೊಂಡಿದ್ದಾರೆ ಅನ್ನೋ ಲೆಕ್ಕ ಇರುತ್ತೆ, ಸೊನ್ನೆ ಆದ ತಕ್ಷಣ ಅಲ್ಲೇ ತೆಗೆದುಬಿಡುತ್ತೆ. ಕಲೆಕ್ಟ್ ಇರೋದು ಒಂದನ್ನೊಂದು ಹಿಡ್ಕೊಂಡು ಕೂತು ಹೊರಗಿನವರಿಗೆ ಯಾರಿಗೂ ಬೇಡವಾದವುಗಳಿಗೆ, ಅಲ್ಲಿ ಲೆಕ್ಕ ಸೊನ್ನೆಗೆ ಬರೋದೇ ಇಲ್ಲವಲ್ಲ ಅದಕ್ಕೆ. ನಿಮ್ಮ ಲಿಸ್ಟಿನ ಫೋಟೋ ಕೈಗೆ ಸಿಗ್ತಾ ಐತೆ, ಅದು ನಿಮಗೆ ಇನ್ನು ಬೇಡ ಅಂತ ಅದಕ್ಕೆ ಹೆಂಗೆ ಗೊತ್ತಾಗಬೇಕು? 1960ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ ತಮ್ಮ ಲಿಸ್ಪ್ ಭಾಷೆ ಬಗ್ಗೆ ಬರೆದಾಗಿಂದ ಇದೇ ನಿಯಮ. ನಮ್ಮ ಜಾವಾದಲ್ಲೂ ಸ್ಟಾಟಿಕ್ ಹ್ಯಾಶ್‌ಮ್ಯಾಪ್ (ಪ್ರೋಗ್ರಾಂ ಓಡೋವರೆಗೂ ಉಳಿಯೋ ಪಟ್ಟಿ) ಒಂದನ್ನ ತುಂಬಿಸ್ತಾ ಹೋಗಿ ಸರ್ವರ್ ಬಿದ್ದಿದ್ದನ್ನ ನಾನೇ ಎರಡು ರಾತ್ರಿ ಕೂತು ಹುಡುಕಿದ್ದೀನಿ.

ಗಂಗಾವತಿ_ಕಾಟಾ:
ತಿಳೀತ್ರಿ. ಆದ್ರ ಲಿಸ್ಟ್ ತಗದ್ರ ಫೋಟೋ ಮತ್ತ ಖಾಲಿ ಆಗ್ತೈತಲ್ರಿ?

ಸಿಂಧನೂರ್_ಡೆವ್:
ಆಗೇ ಆಗ್ತದ, ಅದೂ ಇದೇ ವಿಷಯನ, ಉಲ್ಟಾ ಅಷ್ಟ. ಟಿಕಿಂಟರ್ ಲೇಬಲ್, ಅಂದ್ರ ವಿಂಡೋದಾಗ ಫೋಟೋ ತೋರಿಸೋ ಜಾಗ, ಫೋಟೋದ ಹೆಸರು ಮಾತ್ರ ಇಟ್ಕೊಂಡಿರ್ತದ, ಪೈಥಾನ್ ಕಡಿ ರಸೀದಿ ತಗೊಂಡಿರಂಗಿಲ್ಲ. ಫಂಕ್ಷನ್ ಮುಗಿದ ಕೂಡ್ಲೇ ಲೋಕಲ್ ವೇರಿಯಬಲ್ ಹೋತು, ಲೆಕ್ಕ ಸೊನ್ನೆ, ಫೋಟೋ ಮಾಯ. ಅದಕ್ಕ ಫೋಟೋ ಲೇಬಲ್‌ಗೇ ಕಟ್ಟು, ಲೇಬಲ್ ಡಾಟ್ ಫೋಟೋ ಈಕ್ವಲ್ಸ್ ಫೋಟೋ ಅಂತ ಒಂದ ಸಾಲು. ಮುಂದಿನ ಗಾಡಿ ಬಂದಾಗ ಹೊಸಾದು ಆ ಜಾಗಕ್ಕ ಕುಂದ್ರತದ, ಹಳೇದು ತಾನಾಗೇ ಹೋಗ್ತದ. ಹಳೇ ಫೋಟೋ ಬೇಕಂದ್ರ ಫೈಲ್ ಪಾತ್ ಇಟ್ಕೋ, ಫೋಟೋ ಅಲ್ಲ. ಇನ್ನೊಂದು, ತೋರಿಸೋಕ್ಕಿಂತ ಮೊದಲ 640 ಇಂಟು 360ಕ್ಕ ಸಣ್ಣದು ಮಾಡು, 1 ಎಂಬಿನೂ ಆಗಂಗಿಲ್ಲ.

ಗಂಗಾವತಿ_ಕಾಟಾ:
ಅಣ್ಣಾರ, ಲಿಸ್ಟ್ ತಗದೆ, ಡೆಲ್ ತಗದೆ, ಕಲೆಕ್ಟ್ ಸುದ್ದಾ ತಗದೆ, ನೀವು ಹೇಳಿದ ಒಂದ ಸಾಲು ಹಾಕಿದೆ. ಇವತ್ತು ರಾತ್ರಿ ಒಂಬತ್ತಕ್ಕ ಕೊನೇ ಟ್ರ್ಯಾಕ್ಟರ್ ಹೋತು, 104 ಎಂಬಿ ಐತಿ. ಮಾವಾರು ಬಾಜೂಕ ಕುಂತು ಆ ನಂಬರ್ ನೋಡಾಕತ್ತಾರ.