ಕೆತ್ತನೆಯ ವನ್ಯಜೀವಿ ಅಂಚೆಚೀಟಿ: ಗುರುತು ಹಿಡಿಯೋದು, ಕೊಳ್ಳೋದು, ಮಕ್ಕಳಿಗೆ ತೋರಿಸೋದು

ಕೇಳಿದವರು: ಚಿತ್ರಕಲಾ ಶಿಕ್ಷಕಿ, ಗಂಗಾವತಿ

ಅಕ್ಟೋಬರ್ 2ರಿಂದ 8ರ ವನ್ಯಜೀವಿ ಸಪ್ತಾಹಕ್ಕೆ ನಮ್ಮ ಪ್ರೌಢಶಾಲೆಯಲ್ಲಿ ಅಂಚೆಚೀಟಿ ಪ್ರದರ್ಶನ ಇಡಬೇಕು ಅಂತ ಇದ್ದೀವಿ. ಬಣ್ಣದ ಫೋಟೋ ಥರದ ಚೀಟಿಗಳು ಬೇಡ. ಉಕ್ಕಿನ ಮೇಲೆ ಕೈಯಿಂದ ಕೆತ್ತಿ ಅಚ್ಚು ಹಾಕಿದವು ಬೇಕು, ಗೆರೆಯಿಂದ ಪ್ರಾಣಿ ಹೇಗೆ ಮೂಡುತ್ತೆ ಅನ್ನೋದನ್ನು ಮಕ್ಕಳು ನೋಡಬೇಕು. ಕೈಯಲ್ಲಿರೋದು ‘ನೂರು ಪ್ರಾಣಿಗಳು’ ಅನ್ನೋ ಒಂದು ಪೊಟ್ಟಣ ಮತ್ತು ಹಳೆಯ ಆಲ್ಬಂ. ಅದರಲ್ಲಿ ಕೆತ್ತನೆಯವು ಯಾವುವು ಅಂತ ಗೊತ್ತಾಗೋದು ಹೇಗೆ? ಎರಡು ಸಾವಿರದೊಳಗೆ ಏನು ಕೊಳ್ಳಬಹುದು? ನಮ್ಮ ಬಿಸಿಲು, ಧೂಳಿಗೆ ಹೇಗೆ ಇಡಬೇಕು? ಬಲ್ಲವರು ಹೇಳಿ.

ರಾಯಚೂರಿನಿಂದ

ಅಕ್ಕೋರೆ, ಮೊದಲು ಆ ಪೊಟ್ಟಣದ ಆಸೆ ಬಿಡ್ರಿ. ಅಂಥವುಗಳಲ್ಲಿ ಬಹುಪಾಲು ಅಜ್ಮಾನ್, ಉಮ್ ಅಲ್ ಕ್ವೈನ್, ಕಾಂಬೋಡಿಯಾ ಹೆಸರಿನ ಮಿರುಗೋ ಚೀಟಿಗಳೇ ಇರ್ತಾವ. ಆಫ್‌ಸೆಟ್ ಇಲ್ಲಾ ಫೋಟೋಗ್ರಾವೂರ್, ಅಂದ್ರೆ ಕೈಕೆತ್ತನೆ ಅಲ್ಲದ ಅಚ್ಚು. ಪಾಂಡಾ ಗುರುತಿನ ಡಬ್ಲ್ಯೂಡಬ್ಲ್ಯೂಎಫ್ (ವನ್ಯಜೀವಿ ಸಂರಕ್ಷಣಾ ಸಂಸ್ಥೆ) ಚೀಟಿಗಳೂ ಹೆಚ್ಚಿನವು ಆಫ್‌ಸೆಟ್ಟೇ.

ಗುರುತು ಹಿಡಿಯೋಕೆ 10 ಪಟ್ಟು ದೊಡ್ಡದು ಮಾಡೋ ಒಂದು ಲೂಪ್, ಒಂದು ಸಣ್ಣ ಟಾರ್ಚ್ ಸಾಕು. ಮೊದಲು ನೋಡಬೇಕಾದ್ದು ಪ್ರಾಣಿಯನ್ನಲ್ಲ, ಅಕ್ಷರ ಮತ್ತು ಬೆಲೆಯ ಅಂಕಿಗಳ ಅಂಚನ್ನು. ಆಫ್‌ಸೆಟ್‌ನಲ್ಲಿ ಬಣ್ಣದ ಭಾಗವೆಲ್ಲ ನಾಲ್ಕು ಬಣ್ಣದ ಚುಕ್ಕೆಗಳಾಗಿ ಒಡೆದು ಕಾಣ್ತದ. ಫೋಟೋಗ್ರಾವೂರ್‌ನಲ್ಲಿ ಚಿತ್ರವೆಲ್ಲ ಒಂದೇ ಅಳತೆಯ ಜಾಲರಿ ಮೇಲೆ ಕೂತಿರ್ತದ, ಅದಕ್ಕೇ ಅಕ್ಷರದ ಅಂಚು ಗರಗಸದ ಹಲ್ಲಿನಂಗೆ ಇರ್ತದ. ಕೆತ್ತನೆಯಲ್ಲಿ ಚುಕ್ಕೆ ಜಾಲರಿ ಇಲ್ಲ. ಗಟ್ಟಿ ಗೆರೆ, ನಡುವೆ ದಪ್ಪ, ತುದಿಗೆ ಸೂಜಿಮೊನೆಯಷ್ಟು ಸಣ್ಣ.

ಆಮೇಲೆ ಟಾರ್ಚನ್ನು ಚೀಟಿಯ ಮಟ್ಟಕ್ಕೇ ತಂದು, 10–15 ಡಿಗ್ರಿ ಓರೆಯಾಗಿ ಬೆಳಕು ಬಿಡ್ರಿ. ಕೆತ್ತನೆಯ ಶಾಯಿ ಕಾಗದದ ಮೇಲೆ ದಿಬ್ಬದಂಗೆ ನಿಂತಿರೋದು ಕಾಣ್ತದ. ಮಕ್ಕಳಿಗೆ ಇದು ಬೆರಳಿಗೇ ತಿಳಿಯಬೇಕು ಅಂದ್ರೆ ಚೀಟಿ ಕೊಡಬ್ಯಾಡ್ರಿ, ಬೆರಳಿನ ಎಣ್ಣೆ ಹತ್ತತದ. ಹೊಸ ₹500ರ ನೋಟು ಕೊಡ್ರಿ. ಗಾಂಧಿ ಚಿತ್ರ, ಅಶೋಕ ಸ್ತಂಭ, ಅಂಚಿನ ಐದು ಓರೆಗೆರೆಗಳು ಇದೇ ಪದ್ಧತಿಯ ಉಬ್ಬು ಅಚ್ಚು. ₹50ರ ನೋಟಿನ ಹಂಪಿ ರಥ ನಮ್ಮ ಕಡೇದೇ ಖರೆ, ಆದ್ರೆ ಈ ಪಾಠಕ್ಕೆ ಅದು ಆಗಂಗಿಲ್ಲ.

ಚೀಟಿ ಮೇಲೆ ಅಲ್ಯೂಮಿನಿಯಂ ಹಾಳೆ ಇಟ್ಟು ತಿಕ್ಕಿ ಗೆರೆ ಮೂಡಿಸಿ ನೋಡೋ ಉಪಾಯ ಕೆಲವರು ಹೇಳ್ತಾರ. ಠಸ್ಸೆ ಬಿದ್ದ ಅಗ್ಗದ ಚೀಟಿ ಮೇಲೆ ಮಾತ್ರ ಮಾಡ್ರಿ; ಹೊಸದರ ಮೇಲೆ ಮಾಡಿದರೆ ಉಬ್ಬು ಕೂತುಬಿಡ್ತದ.

ಬಳ್ಳಾರಿಯಿಂದ

ಗುರುತಿಸುವುದು ಅಷ್ಟೆ. ಆದರೆ ಚಿತ್ರಕಲೆಯ ಮಕ್ಕಳಿಗೆ ನಿಜವಾದ ಪಾಠ ಅದರ ಆಚೆ ಇದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕೆತ್ತುವವರು ಮೆತ್ತಗೆ ಮಾಡಿದ ಉಕ್ಕಿನ ತುಂಡಿನ ಮೇಲೆ, ಚೀಟಿಯ ಅಳತೆಯಲ್ಲೇ, ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ ಬ್ಯೂರಿನ್ ಎಂಬ ಉಳಿಯಿಂದ ಗೆರೆ ತೆಗೆಯುತ್ತಾರೆ. ಆಮೇಲೆ ಆ ಉಕ್ಕನ್ನು ಕಾಯಿಸಿ ಗಟ್ಟಿ ಮಾಡಿ, ಅದರ ಮೇಲೆ ಮೆತ್ತಗಿನ ಉಕ್ಕಿನ ರೋಲರ್ ಒತ್ತಿ ಉರುಳಿಸಿ ಚಿತ್ರ ಎತ್ತಿಕೊಳ್ಳುತ್ತಾರೆ. ರೋಲರನ್ನೂ ಗಟ್ಟಿ ಮಾಡಿ ಪ್ಲೇಟಿನ ಮೇಲೆ ಮತ್ತೆ ಮತ್ತೆ ಒತ್ತುತ್ತಾರೆ. ಕೈಕೆತ್ತನೆ ಒಂದೇ ಸಲ, ಆದರೂ ಹಾಳೆಯ ಚೀಟಿಗಳೆಲ್ಲ ಒಂದೇ ಥರ ಇರುವುದು ಈ ಕಾರಣಕ್ಕೆ. ರೋಲರ್ ಎರಡನೇ ಸಲ ಒತ್ತುವಾಗ ಕೂದಲೆಳೆಯಷ್ಟು ಜರುಗಿದರೆ ಗೆರೆ ಜೋಡಿಯಾಗುತ್ತದೆ. ಅಕ್ಷರಗಳಲ್ಲಿ ಇದು ಬೇಗ ಸಿಗುತ್ತದೆ. ಅಚ್ಚಿನ ಹೊತ್ತಿಗೆ ಪ್ಲೇಟಿಗೆಲ್ಲ ಶಾಯಿ ಬಳಿದು ಮೇಲ್ಮೈ ಒರೆಸುತ್ತಾರೆ. ಶಾಯಿ ಗೆರೆಯೊಳಗೆ ಮಾತ್ರ ಉಳಿಯುತ್ತದೆ, ಭಾರಿ ಒತ್ತಡದಲ್ಲಿ ಕಾಗದ ಆ ಗೆರೆಯೊಳಕ್ಕೆ ಇಳಿದು ಅದನ್ನು ಎಳೆದುಕೊಂಡು ಬರುತ್ತದೆ.

ಇದರಿಂದಾಗಿ ಕೆತ್ತುವವರ ಕೈಯಲ್ಲಿರುವುದು ಮೂರೇ: ಗೆರೆಯ ಆಳ, ಅಗಲ, ನಡುವಿನ ಅಂತರ. ಬಿಳಿ ಶಾಯಿ ಎಂಬುದೇ ಇಲ್ಲ. ಕೆನಡಾದ 1953ರ 2 ಸೆಂಟ್ ಹಿಮಕರಡಿಯನ್ನು ಲೂಪಿನಲ್ಲಿ ಹಿಡಿಯಿರಿ. ಅಚ್ಚು ನೀಲಿ ಒಂದೇ ಬಣ್ಣದ್ದು, ಕರಡಿ ಮಾತ್ರ ಬೆಳ್ಳಗೆ. ಆ ಬಿಳುಪೆಲ್ಲ ಉಳಿ ಮುಟ್ಟದ ಕಾಗದ. ಕರಡಿ ಬಿಡಿಸಿದ್ದು ಎಷ್ಟೋ, ಬಿಟ್ಟದ್ದೂ ಅಷ್ಟೇ.

ಮಕ್ಕಳಿಂದ ಈ ಜಾಗಗಳನ್ನು ಹುಡುಕಿಸಿ. ತುಪ್ಪಳದಲ್ಲಿ ಉದ್ದ ಗೆರೆ ಇರುವುದಿಲ್ಲ, ಕೂದಲು ಬೆಳೆಯುವ ದಿಕ್ಕಿಗೆ ಗಿಡ್ಡ ಗಿಡ್ಡ ಗೀಚು. ಮೈ ಎಲ್ಲಿ ತಿರುಗುತ್ತದೋ ಅಲ್ಲಿ ಗೀಚಿನ ದಿಕ್ಕೂ ತಿರುಗುತ್ತದೆ. ರೆಕ್ಕೆಯ ದೊಡ್ಡ ಗರಿಗಳಲ್ಲಿ ಸಮಾನಾಂತರ ಬಾಗುಗೆರೆಗಳು. ಮೂಗು, ತುಟಿಯಂಥ ಮೆತ್ತನೆಯ ಕಡೆ ಗೆರೆ ಒಡೆದು ಚುಕ್ಕೆಯಾಗುತ್ತದೆ. (ಇವು ಕೈಯಿಂದ ಇಟ್ಟ ಚುಕ್ಕೆ, ಅಂತರ ಹೆಚ್ಚುಕಮ್ಮಿ ಇರುತ್ತದೆ. ಫೋಟೋಗ್ರಾವೂರ್ ಜಾಲರಿ ಅಂತ ಮೋಸ ಹೋಗಬಾರದು.) ನೆರಳಿಗೆ ಒಂದು ಸಾಲು ಗೆರೆಯ ಮೇಲೆ ಇನ್ನೊಂದು ಸಾಲನ್ನು ಓರೆಯಾಗಿ ದಾಟಿಸುತ್ತಾರೆ, ತಿಳಿ ಬಣ್ಣದ ಶಾಯಿಯೂ ಅಲ್ಲಿ ದಟ್ಟವಾದಂತೆ ಕಾಣುತ್ತದೆ. ಲಂಬವಾಗಿ ದಾಟಿಸಿದರೆ ಚೌಕ ಚೌಕವಾಗಿ ಜಾಳುಬಟ್ಟೆಯಂತೆ ಕಾಣುವುದರಿಂದ ಓರೆಯೇ ವಾಸಿ. ಕಣ್ಣಿನಲ್ಲಿ ದಟ್ಟ ಗೆರೆಗಳ ನಡುವೆ ಒಂದು ಚೂರು ಕಾಗದ ಬಿಟ್ಟಿರುತ್ತಾರೆ, ಹೊಳಪು ಅದೇ. ಆಕಾಶದ ನೇರ ಗೆರೆಗಳು ಎಷ್ಟೋ ಚೀಟಿಗಳಲ್ಲಿ ಯಂತ್ರದಿಂದ ಎಳೆದವು, ಅದರಲ್ಲಿ ದೊಡ್ಡ ಕೈಚಳಕ ಹುಡುಕಬೇಡಿ.

ಉಕ್ಕಿನಲ್ಲಿ ತಪ್ಪಿದರೆ ರಬ್ಬರ್ ಇಲ್ಲ. ಆ ಜಾಗ ಉಜ್ಜಿ, ಹಿಂದಿನಿಂದ ಬಡಿದು ಮಟ್ಟಕ್ಕೆ ತಂದು ಮತ್ತೆ ಕೆತ್ತಬೇಕು. ಪೋಲೆಂಡಿನಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ದುಡಿದ ಚೆಸ್ಲಾವ್ ಸ್ಲಾನಿಯಾ (1921–2005) ಹೀಗೆ ಸಾವಿರಕ್ಕೂ ಹೆಚ್ಚು ಚೀಟಿ ಕೆತ್ತಿದರು ಎಂದರೆ ಮಕ್ಕಳಿಗೆ ಆ ದುಡಿಮೆಯ ಅಂದಾಜು ಸಿಕ್ಕೀತು.

ಕೊಪ್ಪಳದಿಂದ

ಕೊಳ್ಳೋ ವಿಷಯ. ನಮ್ಮ ದೇಶದ 1963ರ ವನ್ಯಪ್ರಾಣಿ ಮಾಲೆ ಚೆಂದ ಇದೆ: 10 ನಯಾಪೈಸೆ ಕಾಟಿ, 15ರದು ಕೆಂಪು ಪಾಂಡಾ, 30ರದು ಆನೆ, 50ರದು ಹುಲಿ, 1 ರೂಪಾಯಿ ಸಿಂಹ. ಆದರೆ ಅದು ಫೋಟೋಗ್ರಾವೂರ್. ಹೋಲಿಕೆಗೆ ಒಂದೇ ಒಂದು ಇಡಿ, ಕೆತ್ತನೆ ಅಂತ ಬರೆದು ಇಡಬೇಡಿ. ಆಲ್ಬಂ ನೋಡೋ ಹಿರಿಯರು ಅಲ್ಲೇ ಹಿಡಿದು ನಿಲ್ಲಿಸ್ತಾರೆ.

ಕಡಿಮೆ ದುಡ್ಡಿಗೆ ಮೊದಲ ಆಯ್ಕೆ ಕೆನಡಾದ ಮಾಲೆ. 1953ರಲ್ಲಿ ಹಿಮಕರಡಿ, ಮೂಸ್, ದೊಡ್ಡಕೊಂಬಿನ ಕಾಡುಕುರಿ. 1954ರಲ್ಲಿ ವಾಲ್ರಸ್, ಬೀವರ್, ಗ್ಯಾನೆಟ್ ಹಕ್ಕಿ. 1955ರಲ್ಲಿ ಕಸ್ತೂರಿ ಎತ್ತು, ವೂಪಿಂಗ್ ಕೊಕ್ಕರೆ. 1956ರಲ್ಲಿ ಕ್ಯಾರಿಬು, ಬೆಟ್ಟದ ಮೇಕೆ. 1957ರಲ್ಲಿ ಲೂನ್ ಹಕ್ಕಿ. ಎಲ್ಲಾ ಕೆತ್ತನೆಯವೇ, ಬಳಸಿದ್ದು ಅಗ್ಗಕ್ಕೆ ಸಿಗ್ತಾವೆ. ಎರಡನೆಯದು ಅಮೆರಿಕದ 1956ರ 3 ಸೆಂಟ್ ಮೂರು: ಕಾಡು ಟರ್ಕಿಕೋಳಿ, ಪ್ರಾಂಗ್‌ಹಾರ್ನ್, ಸಾಲ್ಮನ್ ಮೀನು. ಇವುಗಳ ಪಕ್ಕಕ್ಕೆ 1957ರ ವೂಪಿಂಗ್ ಕೊಕ್ಕರೆ ಬೇಕೇಬೇಕು. ಅದು ಜಿಯೋರಿ ಯಂತ್ರದಲ್ಲಿ ಒಂದೇ ಪ್ಲೇಟಿಗೆ ನೀಲಿ, ಹಸಿರು, ಕಾವಿ ಹಾಕಿ ಒಂದೇ ಒತ್ತಿಗೆ ಮಾಡಿದ್ದು. ಹಿಂದಿನ ವರ್ಷದ ಒಂಟಿಬಣ್ಣದವುಗಳ ಜೊತೆ ಇಟ್ಟರೆ ವ್ಯತ್ಯಾಸ ಹೇಳೋದೇ ಬೇಡ.

1961ರ ಚೆಕೊಸ್ಲೊವಾಕಿಯಾದ ಚಿಟ್ಟೆ ಮಾಲೆ ಸಿಕ್ಕರೆ ಬಿಡಬೇಡಿ. 1960ರ ದಶಕದಲ್ಲಿ ಫ್ರೆಂಚ್ ಮಾತಾಡೋ ಆಫ್ರಿಕದ ದೇಶಗಳಿಗೆ ಪ್ಯಾರಿಸ್ಸಿನಲ್ಲಿ ಅಚ್ಚಾದ ಪ್ರಾಣಿ ಚೀಟಿಗಳಲ್ಲೂ ಒಳ್ಳೆಯ ಕೆತ್ತನೆ ಇದೆ. ಚಿತ್ರದ ಕೆಳಗಿನ ಅಂಚಿನಲ್ಲಿ ಕೆತ್ತಿದವರ ಹೆಸರು ಹುಡುಕಿ.

ಅಮೆರಿಕದ ಬಾತುಕೋಳಿ ಚೀಟಿಗಳನ್ನು (1934ರಿಂದ) ಯಾರಾದರೂ ಕೊಡ್ತೀನಿ ಅಂದರೆ ನೋಡೋಕೆ ತಗೊಳ್ಳಿ, ಆದರೆ ಅವು ಬೇಟೆಯ ಪರವಾನಗಿಗೆ ಹಚ್ಚೋ ಚೀಟಿ, ಅಂಚೆಯವಲ್ಲ. ಪ್ರತ್ಯೇಕ ಹಾಳೆಯಲ್ಲಿ ಇಡಬೇಕು. ಕೆನಡಾದ 1851ರ 3 ಪೆನ್ಸ್ ಬೀವರ್ ನಮ್ಮ ಕೈಗೆಟುಕೋದಲ್ಲ. ಚಿತ್ರ ಮುದ್ರಿಸಿ ಹಾಕಿ, ಅಸಲಿಗಿಂತ ಕನಿಷ್ಠ ಶೇ. 25ರಷ್ಟು ದೊಡ್ಡದೋ ಚಿಕ್ಕದೋ ಇರಬೇಕು ಅನ್ನೋದು ಪ್ರದರ್ಶನದ ನಿಯಮ.

ಮಾರೋರು ‘ಎನ್‌ಗ್ರೇವ್ಡ್’ ಅಂದಿದ್ದನ್ನು ನಂಬಬೇಡಿ, ಕ್ಯಾಟಲಾಗ್ ನೋಡಿ. ಸ್ಟ್ಯಾನ್ಲಿ ಗಿಬ್ಬನ್ಸ್‌ನಲ್ಲಿ ‘ರಿಸೆಸ್’, ಸ್ಕಾಟ್‌ನಲ್ಲಿ ‘ಎನ್‌ಗ್ರ್’ ಅಂತ ಇದ್ದರೆ ಕೆತ್ತನೆ. ‘ಫೋಟೋ’ ಅಂದರೆ ಫೋಟೋಗ್ರಾವೂರ್, ‘ಲಿಥೋ’ ಅಂದರೆ ಆಫ್‌ಸೆಟ್. ಕೆತ್ತನೆಯ ಜೊತೆ ಇವುಗಳಲ್ಲೊಂದನ್ನು ಬರೆದಿದ್ದರೆ ಹಿನ್ನೆಲೆ ಒಂದು ಪದ್ಧತಿ, ಗೆರೆ ಇನ್ನೊಂದು. ಠಸ್ಸೆ ಪ್ರಾಣಿಯ ಮುಖದ ಮೇಲೆ ಬಿದ್ದಿದ್ದು ಎಷ್ಟು ಅಗ್ಗವಾದರೂ ನಿಮಗೆ ಬೇಡ.

ಸಿಂಧನೂರಿನಿಂದ

ಇಡೋದರ ಬಗ್ಗೆ. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡನ್ನೂ ಶಾಲೆಯಿಂದ ಹೊರಗಿಡ್ರಿ. ಪಿವಿಸಿ ಹಾಳೆಯ ಫೋಟೋ ಆಲ್ಬಂ ನಮ್ಮ ಏಪ್ರಿಲ್-ಮೇ ಸೆಕೆಗೆ ಬೆವೆತು ಶಾಯಿ ಎತ್ತತದ. ಪಾಲಿಪ್ರೊಪಿಲೀನ್ ಇಲ್ಲಾ ಪಾಲಿಯೆಸ್ಟರ್ ಅಂತ ಬರೆದಿರೋದೇ ತಗೋಬೇಕು. ಒಣ ಬಿಸಿಲಿಗೆ ಗೋಂದಿರೋ ಹೊಸ ಚೀಟಿ ಸುರುಳಿ ಸುತ್ತತಾವ. ಹೆಬ್ಬೆರಳಿಂದ ಒತ್ತಿ ಸಪಾಟ ಮಾಡಿದ್ರೆ ಗೋಂದು ಬಿರುಕು ಬಿಟ್ಟು ಕಾಗದಾನೂ ಒಡೀತದ. ಸಂಜೆ ತಂಪು ಹೊತ್ತಿನಾಗ ಗ್ಲಾಸಿನ್ ಅನ್ನೋ ನುಣುಪು ಕಾಗದದ ನಡುವೆ ಇಟ್ಟು ಹಗುರ ಪುಸ್ತಕ ಹೇರಿದ್ರೆ ಸಾಕು. ಮಳೆಗಾಲದಾಗ ತದ್ವಿರುದ್ಧ: ಡಬ್ಬಿಗೆ ಸಿಲಿಕಾ ಜೆಲ್, ಆಲ್ಬಂ ನಿಲ್ಲಿಸಿ ಇಡೋದು, ಮೇಲೊಂದರಂತೆ ಪೇರಿಸೋದಲ್ಲ.

ಲಕೋಟೆಯಿಂದ ಬಿಡಿಸೋವಾಗ ಬೋರ್‌ವೆಲ್ ನೀರು ಬ್ಯಾಡ. ನಮ್ಮ ನೀರಿನ ಗಡಸುತನಕ್ಕೆ ಒಣಗಿದ ಮೇಲೆ ಚೀಟಿ ಹಿಂದೆ ಬಿಳಿ ಪುಡಿ ಕೂರ್ತದ. ಶುದ್ಧ ನೀರಿನ ಘಟಕದ ಕ್ಯಾನ್ ನೀರು, 20–30 ನಿಮಿಷ, ಚೀಟಿ ತಾನೇ ಬಿಡಬೇಕು. ಕೆಂಪು ಲಕೋಟೆ ತುಂಡು ಬ್ಯಾರೆ ಬಟ್ಟಲಾಗ. ಇಸ್ತ್ರಿ ಮುಟ್ಟಿಸಬ್ಯಾಡ್ರಿ, ಉಬ್ಬು ಹೋದ್ರೆ ನಿಮ್ಮ ಪ್ರದರ್ಶನದಾಗ ಉಳಿಯೋದೇನು?

ಗಂಗಾವತಿ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. ಇನ್ನೊಂದು ಮಾತು: ಮಕ್ಕಳ ಕೈಯಿಂದಲೇ ಇಂಥ ಒಂದು ಅಚ್ಚು ತೆಗೆಸೋಕೆ ಆಗುತ್ತಾ? ಲೋಹ ಕೆತ್ತೋ ಉಪಕರಣ ನಮ್ಮಲ್ಲಿಲ್ಲ.

ಕಂಪ್ಲಿಯಿಂದ

ಆಗುತ್ತೆ ಮೇಡಂ, ಲೋಹ ಬೇಡ. ಡ್ರೈಪಾಯಿಂಟ್ ಮಾಡಿಸಿ, ಅಂದರೆ ಚೂಪು ಮೊನೆಯಿಂದ ಗೀರಿ ಅಚ್ಚು ತೆಗೆಯೋದು. 1 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು 6×8 ಸೆಂ.ಮೀ. ತುಂಡು ಮಾಡಿ, ನಾಲ್ಕೂ ಅಂಚನ್ನು ಮರಳು ಕಾಗದದಿಂದ ಓರೆ ತೀಡಿ. ಇಲ್ಲದಿದ್ದರೆ ಕಾಗದ ಕತ್ತರಿಸುತ್ತೆ. ಚಿತ್ರ ಕೆಳಗಿಟ್ಟು ದಬ್ಬಣದ ಮೊನೆಯಿಂದ ಗೀರಬೇಕು. ವಿಷಯ ದೂರ ಹುಡುಕಬೇಡಿ. ದರೋಜಿಯ ಕರಡಿಯ ಜಡೆಗೂದಲು ಗೆರೆಗೆ ಹೇಳಿ ಮಾಡಿಸಿದ್ದು, ತುಂಗಭದ್ರೆಯ ನೀರುನಾಯಿಯ ಒದ್ದೆ ಮೈ ಅದಕ್ಕಿಂತ ಕಷ್ಟ. ಅಕ್ಷರ ತಿರುಗಿಸಿ ಬರೆಸಿ.

ಪ್ರಿಂಟಿಂಗ್ ಪ್ರೆಸ್ಸಿನಿಂದ ಎಣ್ಣೆಶಾಯಿ ತನ್ನಿ, ಒಂದು ತುಂಡಿಗೆ ಕಡಲೆಕಾಳಿನಷ್ಟು ಸಾಕು. ಜಲವರ್ಣ ಹಾಕಿದರೆ ಒದ್ದೆ ಕಾಗದದಲ್ಲಿ ಹರಡಿಹೋಗುತ್ತೆ. ರಟ್ಟಿನ ತುಂಡಿನಿಂದ ಗೆರೆಗಳಿಗೆ ತುಂಬಿ, ಜಾಳು ಮಲ್ಲುಬಟ್ಟೆಯಿಂದ ಸುತ್ತುತ್ತಾ ಒರೆಸಿ, ಕೊನೆಗೆ ಪತ್ರಿಕೆಯ ಹಾಳೆಯಿಂದ ಒಮ್ಮೆ. 200 ಜಿಎಸ್‌ಎಂ ಮೇಲಿನ ಡ್ರಾಯಿಂಗ್ ಕಾಗದವನ್ನು 10 ನಿಮಿಷ ನೆನೆಸಿ ನೀರು ಹೀರಿಸಿ, ಹೊಳಪು ನೀರು ಕಾಣಬಾರದು. ಒತ್ತೋಕೆ ಅಕ್ಕಸಾಲಿಗರ ಪಟ್ಟಿ ಎಳೆಯೋ ಕೈಯಂತ್ರ ಸಿಕ್ಕರೆ ಬಹಳ ಚೆನ್ನ. ಅವರ ರೋಲರ್ ತುಕ್ಕು ಹಿಡಿಯದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕೊಡಿ. ಕಬ್ಬಿನ ಹಾಲಿನ ಯಂತ್ರದ ಬಗ್ಗೆ ಯಾರಾದರೂ ಹೇಳಿಯಾರು, ಅದರ ರೋಲರ್‌ಗೆ ಹಲ್ಲಿರುತ್ತೆ, ಆಗಲ್ಲ. ಮೆತ್ತೆಗೆ ಫೆಲ್ಟ್ ಬೇಕು. ಕಂಬಳಿ ತುಂಡು ಹಾಕಿದರೆ ಅದರ ಒರಟು ನೇಯ್ಗೆಯೇ ಅಚ್ಚಾಗುತ್ತೆ, ನಡುವೆ ನುಣುಪು ಬಟ್ಟೆ ಇಡಿ.

ಅಚ್ಚೆಲ್ಲ ಬೂದು ಮಸುಕಾದರೆ ಒರೆಸಿದ್ದು ಸಾಲದು. ಗೆರೆ ತುಂಡು ತುಂಡಾದರೆ ಕಾಗದ ಒಣಗಿದೆ ಇಲ್ಲವೇ ಒತ್ತಡ ಕಡಿಮೆ. ಹತ್ತಿಪ್ಪತ್ತು ಪ್ರತಿ ಆದ ಮೇಲೆ ಗೆರೆ ಸಪ್ಪೆಯಾಗುತ್ತೆ, ಯಾಕೆಂದರೆ ದಬ್ಬಣ ಅಕ್ರಿಲಿಕ್ ಅನ್ನು ಕಿತ್ತು ತೆಗೆಯಲ್ಲ, ಬದಿಗೆ ಎಬ್ಬಿಸುತ್ತೆ, ಆ ಎದ್ದ ಅಂಚು ಸವೆದು ಹೋಗುತ್ತೆ. ಬ್ಯೂರಿನ್ ಉಕ್ಕನ್ನು ಕೆತ್ತಿ ಹೊರಗೆಸೆಯುತ್ತೆ. ವ್ಯತ್ಯಾಸ ಮಕ್ಕಳಿಗೆ ಇಲ್ಲೇ ತೋರಿಸಬಹುದು.

ರಾಯಚೂರಿನಿಂದ, ಮತ್ತೆ

ಬೆಳಕಿನದೊಂದು ಬಿಟ್ಟೋಗಿತ್ತು. ಕಾಗದದ ವಸ್ತುಗಳಿಗೆ ಮ್ಯೂಸಿಯಂನವರು 50 ಲಕ್ಸ್ (ಬೆಳಕಿನ ಅಳತೆ) ಇಡ್ತಾರ, ಕಿಟಕಿ ಪಕ್ಕ ಫ್ರೇಮ್ ನಿಲ್ಲಿಸಬ್ಯಾಡ್ರಿ. ಫ್ರೇಮಿನ 16 ಹಾಳೆ ತುಂಬಲೇಬೇಕು ಅಂತ ಚೀಟಿ ತುರುಕೋದೂ ಬ್ಯಾಡ: ಹಾಳೆಗೆ ಎರಡು ಚೀಟಿ, ಪಕ್ಕದಾಗ 1200 ಡಿಪಿಐ ಸ್ಕ್ಯಾನಿನಿಂದ ದೊಡ್ಡದು ಮಾಡಿದ ಕಣ್ಣು ಅಥವಾ ರೆಕ್ಕೆಯ ಒಂದು ಭಾಗ. ನೆತ್ತಿ ಮೇಲಿನ ಟ್ಯೂಬ್‌ಲೈಟಿಗೆ ಉಬ್ಬು ಕಾಣಂಗಿಲ್ಲ. ಗೆರೆ ಓಡೋ ದಿಕ್ಕಿಗೇ ಟಾರ್ಚ್ ಹಿಡಿದರೂ ನೆರಳು ಬೀಳಂಗಿಲ್ಲ, ಅಡ್ಡ ಹಿಡೀಬೇಕು. ಆಕಾಶದ ಅಡ್ಡಗೆರೆ ತೋರಿಸೋವಾಗ ಕೆಳಗಿನಿಂದ, ನಿಂತ ಕೊಂಬಿನ ಗೆರೆಗೆ ಎಡಗಡೆಯಿಂದ. ಟಾರ್ಚ್ ಹಿಡಿಯೋ ಹುಡುಗನಿಗೆ ಇದಿಷ್ಟು ಮೊದಲೇ ಕಲಿಸಿಟ್ಟಿರ್ರಿ, ಲೂಪಿಗೆ ದಾರ ಕಟ್ಟಿ ಫ್ರೇಮಿಗೇ ಬಿಗೀರಿ.