ರೋಮನ್ ಕಾಲಾಳುಗಳ ನಡುವಿನ ‘ಅಂತರ’: ಎಲ್ಲಿಂದ ಎಲ್ಲಿಗೆ?

ಪ್ರಶ್ನೆ: ರೋಮನ್ ಸೇನೆಯ ಕುರಿತ ಅನುವಾದದಲ್ಲಿ ‘ಸೈನಿಕರ ನಡುವೆ 3 ಅಡಿ ಅಂತರ’ ಎಂದು ಬರೆದಿದ್ದೇನೆ. ಸರಿಯೇ? ಲ್ಯಾಟಿನ್‌ನ ‘ಲಕ್ಸಾರೆ’ ಎಂಬುದಕ್ಕೆ ‘ಸಡಿಲಿಸು’ ಹೊಂದುತ್ತದೆಯೇ?

ಉತ್ತರ: ‘ಅಂತರ’ ಒಂದನ್ನೇ ಬಳಸಿದರೆ ಲೆಕ್ಕ ತಪ್ಪುತ್ತದೆ. ಆಳಿನ ಮೈಯಗಲ ಆ ಅಳತೆಯೊಳಗೆ ಸೇರಿದೆಯೋ ಇಲ್ಲವೋ ಎಂಬುದು ಆ ಪದದಿಂದ ತಿಳಿಯುವುದಿಲ್ಲ. ಮೂಲದಲ್ಲೂ ಇದೇ ತೊಡಕಿದೆ, ಅದೂ ಒಬ್ಬನೇ ಲೇಖಕನಲ್ಲಿ.

ರೋಮನ್ ಯುದ್ಧಕಲೆಯ ಬಗ್ಗೆ ಬರೆದ ವೆಗೇಶಿಯಸ್ ಅಗಲಕ್ಕೆ ತಲಾ 3 ಅಡಿ ಹೇಳಿ, ಒಂದು ಮೈಲಿಗೆ 1,666 ಆಳು ಎನ್ನುತ್ತಾನೆ. ರೋಮನ್ ಮೈಲಿ 5,000 ಅಡಿ. ಮೂರರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಅಂದರೆ ಇಲ್ಲಿ ಆಳೂ ಸೇರಿದ್ದಾನೆ. ರೋಮನ್ ಅಡಿ ಸುಮಾರು 29.6 ಸೆಂ.ಮೀ., ಹಾಗಾಗಿ ಒಬ್ಬೊಬ್ಬನಿಗೆ ಸಿಗುವುದು 89 ಸೆಂ.ಮೀ. ಮಾತ್ರ. ಆದರೆ ಸಾಲಿನಿಂದ ಸಾಲಿಗೆ 6 ಅಡಿ ಎಂದವನು ನಿಂತ ಆಳಿಗೆ ಬೇರೆ 1 ಅಡಿ ಕೂಡಿಸಿ, 6 ಸಾಲಿಗೆ 42 ಅಡಿ ಆಳ ಕಟ್ಟುತ್ತಾನೆ. ಇಲ್ಲಿ 6 ಅಡಿ ಎಂದರೆ ಬರೀ ಖಾಲಿ ಜಾಗ. (6 ಸಾಲಿನ ನಡುವೆ 5 ತೆರಪುಗಳೇ ಇರುವುದು, ಕಟ್ಟುನಿಟ್ಟಾಗಿ ಎಣಿಸಿದರೆ 36 ಅಡಿ. ಅನುವಾದದಲ್ಲಿ 42ನ್ನೇ ಉಳಿಸಿ, ತಿದ್ದಬೇಡಿ.)

ನಮ್ಮ ತೋಟದವರ ಮಾತು ಇಲ್ಲಿ ಚೆನ್ನಾಗಿ ಒದಗುತ್ತದೆ. ‘ಗಿಡದಿಂದ ಗಿಡಕ್ಕೆ 9 ಅಡಿ’ ಎಂದರೆ ಬುಡದಿಂದ ಬುಡಕ್ಕೆ ಎಂದು ಯಾರಿಗೂ ವಿವರಿಸಬೇಕಿಲ್ಲ. ಹಾಗೆಯೇ ಅಗಲಕ್ಕೆ ‘ಆಳಿನಿಂದ ಆಳಿಗೆ 3 ಅಡಿ’, ಹಿಂದುಮುಂದಿಗೆ ‘ಸಾಲುಗಳ ನಡುವೆ 6 ಅಡಿ ತೆರಪು’ ಎಂದು ಬರೆಯಿರಿ.

ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನದು ಬೇರೆ ಲೆಕ್ಕ. ಆಯುಧಸಹಿತ ಆಳಿಗೆ 3 ಅಡಿ. ಗುರಾಣಿಯನ್ನು ಪ್ರತಿ ಏಟಿಗೂ ತಿರುಗಿಸಬೇಕು, ಕತ್ತಿಯಿಂದ ಕಡಿಯಲೂ ಬೇಕು ತಿವಿಯಲೂ ಬೇಕು, ಅದಕ್ಕೆ ಪಕ್ಕದವನಿಂದ ಮತ್ತೆ 3 ಅಡಿ ಬಿಡುವು. ಹೀಗೆ 3 ಅಡಿಗೊಬ್ಬನಂತೆ ನಿಂತ ಮ್ಯಾಸಿಡೋನಿಯದ ಇಬ್ಬರೆದುರು ಒಬ್ಬ ರೋಮನ್, ಒಂದು ಕತ್ತಿಯೆದುರು 10 ಈಟಿಮೊನೆ (ಹಿಂದಿನ ಸಾಲುಗಳ ಉದ್ದನೆಯ ಈಟಿಗಳೂ ಸೇರಿ ಒಬ್ಬೊಬ್ಬನ ಕಡೆಯಿಂದ ಐದೈದು) ಎಂಬ ಅವನ ಮಾತು ಕೂಡಿಬರುತ್ತದೆ. ಅನುವಾದದಲ್ಲಿ ಎರಡನೇ 3 ಅಡಿ ಬಿಟ್ಟುಹೋದರೆ ಮುಂದಿನ ವಾಕ್ಯ ಕುಸಿಯುತ್ತದೆ.

‘ಸಡಿಲಿಸು’ ಬೇಡ. ಕ್ರಿ.ಪೂ. 57ರಲ್ಲಿ ಸಾಬಿಸ್ ನದಿಯ ಬಳಿ ರೋಮನ್ ಸೇನೆಯ 12ನೇ ಲೀಜನ್ನಿನವರು (ಲೀಜನ್ ಎಂದರೆ ದೊಡ್ಡ ಸೇನಾದಳ) ಒಬ್ಬರ ಮೇಲೊಬ್ಬರು ಒತ್ತಿ ನಿಂತು, ಕತ್ತಿ ಬೀಸಲಾಗದೆ ಪರಸ್ಪರ ಅಡ್ಡಿಯಾಗಿದ್ದರು. ಸೀಸರ್ ಮುಂದಿನ ಸಾಲಿಗೆ ಹೋಗಿ ಮ್ಯಾನಿಪಲ್‌ಗಳಿಗೆ, ಅಂದರೆ ಲೀಜನ್ನಿನ ಸಣ್ಣ ತುಕಡಿಗಳಿಗೆ, ಹರಡಿಕೊಳ್ಳುವಂತೆ ಹೇಳಿದ. ಅಲ್ಲಿ ಬರುವ ಪದವೇ ಲಕ್ಸಾರೆ. ‘ಪಡೆಯನ್ನು ಸಡಿಲಿಸಿದ’ ಎಂದರೆ ಶಿಸ್ತು ಸಡಿಲಾಯಿತು ಎಂದೇ ಓದುಗರಿಗೆ ತೋರುತ್ತದೆ, ಅರ್ಥ ತಲೆಕೆಳಗಾಗುತ್ತದೆ. ‘ಎಡೆ ಬಿಟ್ಟು ನಿಲ್ಲುವಂತೆ ಹೇಳಿದ’ ಸಾಕು. ಇದರ ಎದುರುಪದಕ್ಕೆ, ರೋಮನ್ನರು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಸೋತ ಕ್ಯಾನೆಯ ಯುದ್ಧದ ವರ್ಣನೆಯಂಥ ಕಡೆ, ‘ಒತ್ತೊತ್ತಾಗಿ’ ಸರಿಹೋಗುತ್ತದೆ.