1982ರ ಬೋರ್ಡೊ ವೈನ್ ಬಾಟಲಿ: ಡಿಕ್ಯಾಂಟ್ ಯಾವಾಗ?

ಪ್ರಶ್ನೆ: ಚಿಕ್ಕಮಗಳೂರಿನ ಮನೆಯಲ್ಲಿ ಶನಿವಾರ ರಾತ್ರಿ 1982ರ ಪೊಯಾಕ್ (ಫ್ರಾನ್ಸಿನ ಬೋರ್ಡೊ ಪ್ರದೇಶದ ಕೆಂಪು ವೈನ್) ತೆಗೀಬೇಕು. ಬಾಟಲಿ ಮಲಗಿಸಿಟ್ಟಿದೆ. ಎಷ್ಟು ಹೊತ್ತು ಮೊದಲು ಡಿಕ್ಯಾಂಟ್ ಮಾಡಲಿ, ಅಂದರೆ ಬೇರೆ ಪಾತ್ರೆಗೆ ಬಗ್ಗಿಸಿಡಲಿ?

ಉತ್ತರ 1: ಗುರುವಾರವೇ ನೆಟ್ಟಗೆ ನಿಲ್ಲಿಸಿ. ಗಷ್ಟು ತಳ ಸೇರಬೇಕು. ಕದಡಿದರೆ ಬಾಯೆಲ್ಲ ಒಗರು. ಹಳೇ ಬಿರಡೆ ಮೆತ್ತಗಾಗಿರುತ್ತೆ, ತಿರುಪಿನ ಓಪನರ್ ಹಾಕಿದರೆ ಪುಡಿಯಾಗೋದೇ ಹೆಚ್ಚು. ಎರಡು ಅಲಗಿನ ಓಪನರನ್ನು ಬಿರಡೆಯ ಪಕ್ಕದಲ್ಲಿ ಇಳಿಸಿ, ತಿರುಗಿಸುತ್ತಾ ಎಳೆಯಿರಿ.

ಉತ್ತರ 2: ಗಂಟೆಗಟ್ಟಲೆ ಡಿಕ್ಯಾಂಟ್ ಬೇಡವೇ ಬೇಡ ಸಾರ್, ಇಷ್ಟು ಹಳೆಯದರ ಪರಿಮಳ ಗಾಳಿಗೆ ಬೇಗ ಹಾರಿಹೋಗುತ್ತೆ. ಕುಡಿಯೋ ಹೊತ್ತಿಗೆ, ಬಾಟಲಿ ಕತ್ತಿನ ಕೆಳಗೆ ಟಾರ್ಚ್ ಹಿಡಿದು ಒಂದೇ ಸಮನೆ ಬಗ್ಗಿಸಿ. ಗಷ್ಟಿನ ಕಪ್ಪು ಎಳೆ ಕತ್ತಿಗೆ ಬಂದಕೂಡಲೇ ನಿಲ್ಲಿಸಿ. ಕುಡಿಯುವಾಗ ವೈನ್ 17 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು.

ಉತ್ತರ 3: ದೇವದಾರು, ಹೊಗೆಸೊಪ್ಪು, ಚರ್ಮದ ವಾಸನೆ ಬಂದರೆ ಚೆನ್ನಾಗಿದೆ. ಒದ್ದೆ ರಟ್ಟಿನ ವಾಸನೆಯಾದರೆ ಬಿರಡೆಯ ದೋಷ, ಎಷ್ಟು ಗಾಳಿ ಆಡಿಸಿದರೂ ಹೋಗಲ್ಲ. ಖಾರದ ಪಂದಿ ಕರಿ ಜೊತೆ ಮಾತ್ರ ದಯವಿಟ್ಟು ಕೊಡಬೇಡಿ.